ಓದದೆ ಬಿಟ್ಟ ಕಾರಣ

ಶಕುನ, ಸೂಚನೆ ಎಂದವರ ಮಾತಿಗೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳೆಂಬ ಸಣ್ಣ ಜಂಬವೂ ಇತ್ತು. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಬಸವೇಶ್ವರನಗರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಯಜಮಾನರು ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಹಾಜರಿ, ರಜೆ ಎಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರಿಗೆ ಹೊಸ ಲಾಗಿನ್ ಪುಟ ಮಾಡಿದ್ದರು. ಪಾಸ್‌ವರ್ಡ್ ಕೊಟ್ಟರೆ ಮುಖಪುಟಕ್ಕೆ ಹೋಗಬೇಕು. ಆಫೀಸಿನೊಳಗೆ ಹೋಗುತ್ತಿತ್ತು, ಹೊರಗಿನಿಂದ ನೋಡಿದರೆ ತಿರುಗಿ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ, "ನೀನು ಮನೆಯಿಂದ ಲಾಗಿನ್ ಆಗಿ ನೋಡು. ಏನು ಬರುತ್ತೋ ಹಾಗೇ ಓದು," ಎಂದರು.

ಎರಡು ಸಲ ಲಾಗಿನ್ ಪುಟವೇ ಬಂತು. ಅವರು ಅಲ್ಲಿ ಏನೋ ಬದಲಿಸಿದರು. ಮೂರನೆಯ ಸಲ ಒಂದು ರಜೆ ಅರ್ಜಿ ತೆರೆದುಕೊಂಡಿತು. ಹೆಸರು ಪ್ರಭಾಕರ್. ಇವರ ಪಕ್ಕದ ಮೇಜಿನವರು. ನಮ್ಮ ಮನೆಗೆ ಬಂದರೆ ಕೋಡುಬಳೆ ಡಬ್ಬಿಯನ್ನು ತಾವೇ ಹುಡುಕಿಕೊಳ್ಳುವಷ್ಟು ಸಲಿಗೆ. ರಜೆ ಸೋಮವಾರದಿಂದ. ಎಲ್ಲಿಯವರೆಗೆ ಎಂಬ ಜಾಗ ಖಾಲಿ.

"ಪ್ರಭಾಕರ್ ಅವರ ರಜೆ ಅರ್ಜಿ ಬಂದಿದೆ ಕಣ್ರೀ," ಎಂದೆ.

"ಪ್ರಭಾಕರ್ ಅವರದಾ? ರಜೆ ಪುಟ ಇನ್ನೂ ಜೋಡಿಸೇ ಇಲ್ಲ. ಏನೇನೋ ಒತ್ತಬೇಡ ಕಣೇ."

ಪ್ರಭಾಕರ್ ಫೋನ್ ಕಸಿದುಕೊಂಡಿರಬೇಕು. "ಅತ್ತಿಗೆ, ಕೊನೆಗೂ ನೀವು ರಜ ಕೊಡಿಸಿದ್ರಿ. ನಿಮ್ಮ ಯಜಮಾನ್ರು ಬಿಡಲ್ಲ. ಕಾರಣ ಏನು ಹಾಕಿದೀನಿ, ಎರಡನೇ ಮದುವೆನಾ?"

"ಕಾರಣ ಏನೂ ಹಾಕಿಲ್ಲ," ಎಂದೆ.

ಹಾಕಿತ್ತು. ಎದೆನೋವು ಎಂದು ಇಂಗ್ಲಿಷಿನಲ್ಲಿತ್ತು. ನಗುನಗುತ್ತ ಇರುವವರಿಗೆ ಅಂಥ ಮಾತು ಹೇಗೆ ಹೇಳುವುದು? ನಮ್ಮಮ್ಮನಾದರೆ "ಬಿಡ್ತು ಅನ್ನು" ಎನ್ನುತ್ತಿದ್ದಳು. ಶಕುನ ನಂಬದ ನಾನು ಆ ಒಂದು ಮಾತನ್ನು ಬಾಯಿಂದ ಆಡಲು ಹೆದರಿದೆ. ನಾಲ್ಕನೆಯ ಸಲ ಮುಖಪುಟ ಸರಿಯಾಗಿ ಬಂತು. ಇವರು ಖುಷಿಯಾಗಿ ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ಪ್ರಭಾಕರ್ ಅತ್ತಿಗುಪ್ಪೆಯ ಬಸ್ ಸ್ಟಾಪಿನಲ್ಲಿ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಕಿಟಕಿಯ ಕಟ್ಟೆಯ ಮೇಲೆ ಊಟದ ಡಬ್ಬಿ ತೊಳೆದು ಬೋರಲು ಹಾಕಿತ್ತು. "ಒಂದು ವಾರದಿಂದ ಎದೆ ಉಜ್ಜಿಕೊಳ್ತಿದ್ರು ಅಕ್ಕ. ಕೇಳಿದ್ರೆ ಗ್ಯಾಸು ಅನ್ನೋರು. ನನ್ನ ಮಾತು ಎಲ್ಲಿ ಕೇಳ್ತಾರೆ? ಹೊರಗಿನವರು ಯಾರಾದ್ರೂ ಒಂದು ಮಾತು ಅಂದಿದ್ರೆ ಡಾಕ್ಟರ ಹತ್ರ ಹೋಗೋರು."

ನಾನು ಆ ಡಬ್ಬಿಯನ್ನೇ ನೋಡುತ್ತ ಕೂತೆ.

ಆಮೇಲೆ ಇವರಿಗೆ ಎಲ್ಲವನ್ನೂ ಹೇಳಿದೆ. ಎರಡು ದಿನ ಹುಡುಕಿದರು; ಅಂಥ ಅರ್ಜಿ ಯಾರೂ ತುಂಬಿದ ಗುರುತೇ ಸಿಗಲಿಲ್ಲ. ಇನ್ನೂ ಜೋಡಿಸದ ಪುಟಕ್ಕೆ ಲಾಗಿನ್ ನನ್ನನ್ನು ಹೇಗೆ ಕರೆದೊಯ್ಯಿತು ಎಂಬುದಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ನಾನು ಅದನ್ನು ಕೇಳುವುದನ್ನೂ ಬಿಟ್ಟಿದ್ದೇನೆ. ಆದರೆ ಪ್ರಭಾಕರ್, ತಮಾಷೆಗೇ ಇರಲಿ, ಕಾರಣ ಏನೆಂದು ನನ್ನನ್ನು ಕೇಳಿದ್ದರು.