ಸಾಗವಾನಿ ಕೀಬೋರ್ಡು

ಆ ಕಾಲೇಜಿನ ಕಂಪ್ಯೂಟರ್ ಕೋಣೆಯ ಟೇಬಲ್ಲುಗಳನ್ನು ಮಾಡಿದವನು ನಾನೇ. ವಿದ್ಯಾರ್ಥಿಯಾಗಿ ಅಲ್ಲಿ ಕಾಲಿಡುವುದಕ್ಕೆ ಆರು ವರ್ಷ ಮೊದಲೇ ಬಡಗಿಯಾಗಿ ಕಾಲಿಟ್ಟಿದ್ದೆ. ಕೀಬೋರ್ಡು ಇಡುವ ಹಲಗೆ ಒಳಗೂ ಹೊರಗೂ ಸಲೀಸಾಗಿ ಜಾರಬೇಕು ಎಂದು ಹೇಳಿದ್ದರು. ಕೀಬೋರ್ಡೆಂದರೆ ಆಗ ನನಗೆ ಅದರ ಉದ್ದ ಅಗಲ ಮಾತ್ರ ಗೊತ್ತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹಳಿಯಾಳದ ಕಡೆಯಿಂದ ದಾಂಡೇಲಿಗೆ ಬಂದು ಮರಗೆಲಸ ಮಾಡುತ್ತಿದ್ದ ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ಉಳಿ ಹಿಡಿದೆ. ನಲವತ್ತು ದಾಟಿದ ಮೇಲೆ ಹೊರಗಿನಿಂದ ಪರೀಕ್ಷೆಗೆ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದೆ, ಆಮೇಲೆ ಪಿಯುಸಿ. ನಾಲ್ಕು ಜನ ನಕ್ಕರು. ನಗಲಿ. ಯಾರ ಮನೆಯ ಬಾಗಿಲನ್ನೂ ನಾನು ಸೊಟ್ಟ ಕೂರಿಸಿದವನಲ್ಲ.

ಕಾಲೇಜಿಗೆ ಸೇರಲು ಕಾರಣವಾದದ್ದು ಒಂದು ಅರ್ಜಿ. ಅಂಬೇವಾಡಿಯಲ್ಲಿರುವ ನನ್ನ ಕೆಲಸದ ಶೆಡ್ಡಿಗೆ ತ್ರೀ ಫೇಸ್ ಕರೆಂಟು ಬೇಕಿತ್ತು. ಟೈಪು ಮಾಡಿಸಲು ಹೋದಾಗ ಅಂಗಡಿಯವನು, "ಹೇಳ್ರಿ ಲಗೂನ, ಹಿಂದ ಮಂದಿ ನಿಂತಾರ" ಎಂದ. ನಾನು ಹೇಳಿದ್ದು ಒಂದು, ಅವನು ಹೊಡೆದದ್ದು ಇನ್ನೊಂದು. ತಿದ್ದಪ್ಪಾ ಎಂದರೆ, "ಅಷ್ಟ ಬರ್ತಿದ್ರ ನೀವ ಹೊಡ್ಕೋರಿ" ಎಂದು ಹಿಂದೆ ನಿಂತವರೂ ನಗುವ ಹಾಗೆ ನಕ್ಕ. ಆ ಕಾಗದವನ್ನು ಅಲ್ಲೇ ಹರಿದು ಬಂದೆ. ನನ್ನ ಅರ್ಜಿಯನ್ನು ನಾನೇ ಕೂತು, ನನ್ನ ಬೆರಳಿನಿಂದ ಹೊಡೆಯಬೇಕು. ಒಂದು ಪುಟ, ಅಷ್ಟೇ. ಬಿ.ಎ. ಮೊದಲ ವರ್ಷಕ್ಕೆ ಕಂಪ್ಯೂಟರ್ ಕಡ್ಡಾಯ ಎಂದು ತಿಳಿದ ಮೇಲೆ ಉಳಿದ ವಿಷಯ ಯಾವುವು ಎಂದೂ ನಾನು ಕೇಳಲಿಲ್ಲ.

ಕಂಪ್ಯೂಟರ್ ಪಾಠ ವಾರಕ್ಕೊಮ್ಮೆ, ಮಂಗಳವಾರ, ಎರಡು ತಾಸು. ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಪಕ್ಕ ಜೋಯಿಡಾದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಕೊಂಕಣಿ ಆಡಿದರೂ ನನ್ನ ಜೊತೆ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದಳು. "ಕಾಕಾ, ಮೌಸ್ ಹಂಗ ಒತ್ತಿ ನೂಕಬ್ಯಾಡ್ರಿ, ಅದೇನ ಹಲಗಿ ಹೆರಿಯೂ ರಂದಾ ಅಲ್ಲ" ಎಂದು ಮೊದಲ ದಿನವೇ ನನ್ನನ್ನೂ ನಗಿಸಿದಳು. ಅಂದು ಕಂಪ್ಯೂಟರ್ ಹಚ್ಚುವುದು, ಆರಿಸುವುದು, ಬರೆಯುವ ಪುಟ ತೆರೆಯುವುದು ಕಲಿತೆ.

ಎರಡನೆಯ ಮಂಗಳವಾರ ಕಂಪ್ಯೂಟರ್ ಕಲಿಸುವ ಸರ್ ನನ್ನ ಹಿಂದೆ ಬಂದು ನಿಂತರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುವವರು.

"ಮಿಸ್ತ್ರಿಯವ್ರ, ಈ ಟೇಬಲ್ ನಿಮ್ಮ ಕೈದಂತಲ್ರಿ?"

"ಹೌದ್ರಿ ಸರ್."

"ಮೂರು ಟೇಬಲ್ಲಿನ ಹಲಗಿ ಹೊರಗ ಬರವಲ್ವು ನೋಡ್ರಿ. ಹುಡುಗ್ರು ತೊಡಿ ಮ್ಯಾಲ ಇಟ್ಕೊಂಡು ಹೊಡಿಯಾಕತ್ತಾರ."

ನಾನು ಮಾಡಿದ ಹಲಗೆ ತರಗತಿಯ ಎದುರು ಸಿಕ್ಕಿಕೊಂಡು ನಿಂತಿರುವಾಗ ನಾನು ಸುಮ್ಮನೆ ಕೂರುವುದು ಹೇಗೆ? ಮುಂದಿನ ಮಂಗಳವಾರ ಚೀಲದಲ್ಲಿ ಪಾಠ ಬರೆದುಕೊಳ್ಳುವ ವಹಿಯ ಜೊತೆ ರಂದಾ, ಸ್ಕ್ರೂಡ್ರೈವರು ಬಂದವು. ಹಲಗೆಗಳು ಮಳೆಗಾಲದ ತೇವಕ್ಕೆ ಉಬ್ಬಿದ್ದವು. ಕೆತ್ತಿ ಕೂರಿಸುವುದರಲ್ಲಿ ಎರಡು ತಾಸು ಹೋಯಿತು. ಅದರ ಮುಂದಿನ ವಾರ ಬಾಗಿಲಿನ ಚಿಲಕ. ಆಮೇಲೆ ಪ್ರಿಂಟರಿನ ಕಪಾಟು. "ನಿಮ್ಮ ಪಾಠ ನಾ ಆಮ್ಯಾಲ ಪೂರಾ ಹೇಳಿಕೊಡ್ತೇನಿ, ಚಿಂತಿ ಮಾಡಬ್ಯಾಡ್ರಿ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ಸ್ಕ್ರೂ ಬಿಗಿಯುವಾಗ ಮೇಲೆ ಹುಡುಗರು ಟೈಪು ಮಾಡುವ ಸದ್ದು ಕೇಳುತ್ತಿತ್ತು.

"ಕಾಕಾ, ನೀವು ಮೊದಲ 'ಒಲ್ಲೆ' ಅನ್ನಾಕ ಕಲೀರಿ" ಎಂದು ಹುಡುಗಿ ಒಮ್ಮೆ ಪಿಸುಗುಟ್ಟಿದಳು.

"ಗುರುಗಳಿಗೆ ಹಂಗ ಅನ್ನಬಾರ್ದವ್ವಾ" ಎಂದು ಅವಳನ್ನೇ ಗದರಿಸಿದೆ.

ಪಾಠ ಹಿಂದೆ ಬೀಳುತ್ತಿರುವುದು ನನಗೂ ಗೊತ್ತಾಗುತ್ತಿತ್ತು. ಅದಕ್ಕೆ ನನಗೆ ಬರುವ ಕೆಲಸವನ್ನೇ ಮಾಡಿದೆ. ಕೀಬೋರ್ಡಿನ ಮೇಲೆ ಕಾಗದ ಹಾಸಿ, ಪೆನ್ಸಿಲು ತಿಕ್ಕಿ, ಅಚ್ಚು ತೆಗೆದುಕೊಂಡೆ. ಅದನ್ನು ಸಾಗವಾನಿ ತುಂಡಿನ ಮೇಲೆ ಅಂಟಿಸಿ ಒಂದೊಂದು ಕೀಲಿಯನ್ನೂ ಉಳಿಯಿಂದ ಬಿಡಿಸಿದೆ. ಮೇಲೆ ಇಂಗ್ಲಿಷ್ ಅಕ್ಷರ, ಕೆಳಗೆ ಕನ್ನಡದ್ದು. ದಿನಾ ಊಟಕ್ಕೆ ಮೊದಲು ಅರ್ಧ ತಾಸು ಅದರ ಮೇಲೆ ನನ್ನ ಅರ್ಜಿ ಹೊಡೆಯುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ, "ನಾನೂ ಬಡಿಯಾಕತ್ತೇನಿ, ನೀವೂ ಬಡಿಯಾಕತ್ತೀರಿ. ನಾ ಬಡದ್ರ ರೊಟ್ಟಿನಾದ್ರೂ ಆಗ್ತೈತಿ" ಎನ್ನುತ್ತಿದ್ದಳು. ಹಾಗೆಂದವಳೇ ಮಕ್ಕಳನ್ನು ಸುಮ್ಮನಿರಿಸುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಕಣ್ಣು ಮುಚ್ಚಿದರೂ ಬೆರಳು ಅಕ್ಷರದ ಮೇಲೆ ಹೋಗಿ ಕೂರುತ್ತಿತ್ತು.

ಅದನ್ನು ಸರ್‌ಗೆ ತೋರಿಸಬಾರದಿತ್ತು. ಹೊಗಳಲಿ ಎಂಬ ಆಸೆ. ಅವರು ಹೊಗಳಿದರು ಕೂಡ. "ಮುಂದಿನ ವಾರ ಕಾಲೇಜು ನೋಡಾಕ ಕಮಿಟಿ ಬರ್ತೈತಿ. ಇದನ್ನ ಗ್ವಾಡಿಗೆ ಹಾಕೂಣು. ನಮ್ಮ ವಿದ್ಯಾರ್ಥಿ ಮಾಡಿದ್ದು ಅಂತ ತೋರಸೂಣು" ಎಂದರು. ವಿದ್ಯಾರ್ಥಿ ಎಂಬ ಮಾತಿಗೆ ಕರಗಿ ನಾನೇ ನಾಲ್ಕು ಸ್ಕ್ರೂ ಬಿಗಿದು ಗೋಡೆಗೆ ಹಾಕಿದೆ. ಕಮಿಟಿ ಬಂತು, ಫೋಟೋ ಆಯಿತು. ಬಿಚ್ಚಿಕೊಂಡು ಹೋಗಲೇ ಎಂದು ಕೇಳಿದರೆ, "ಇರಲಿ ಬಿಡ್ರಿ, ಛಂದ ಕಾಣ್ತೈತಿ" ಎಂದರು. ಇನ್ನೊಂದು ಮಾಡಿಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಬೇಕಾಗಿದ್ದದ್ದು ಒತ್ತಿದರೆ ಕೆಳಗಿಳಿಯುವ ಕೀಲಿ. ಅದನ್ನು ಸರ್ ಕಲಿಸುತ್ತಾರೆ ಎಂದು ನಂಬಿದ್ದೆ.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಸರ್ ಮೊದಲೇ ತೆಗೆದುಕೊಟ್ಟಿದ್ದ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು: ಯಾವುದಾದರೂ ಇಲಾಖೆಗೆ ಕನ್ನಡದಲ್ಲಿ ಒಂದು ಪುಟದ ಅರ್ಜಿ. ಓದಿ ನನ್ನ ಎದೆ ಹಗುರಾಯಿತು. ಅದು ನನ್ನದೇ ಅರ್ಜಿ, ಬಾಯಿಪಾಠ ಇದ್ದದ್ದು.

ಕಂಪ್ಯೂಟರ್ ಹಚ್ಚಿ ಪುಟ ತೆರೆದೆ. ಮೊದಲ ಅಕ್ಷರ ಒತ್ತಿದೆ. ಅದೊಂದೇ ಅಕ್ಷರ ಸಾಲಿನ ತುಂಬ ಓಡಿತು. ಮರದ ಮೇಲೆ ಊರಿ ಒತ್ತಿ ರೂಢಿಯಾದ ಬೆರಳು. ಮರ ಎಷ್ಟು ಹೊತ್ತು ಒತ್ತಿದರೂ ಸುಮ್ಮನಿರುತ್ತಿತ್ತು. ಅಳಿಸಲು ಹೋದರೆ ಅಳಿಸುವ ಕೀಲಿಯೂ ಹಾಗೆಯೇ ಓಡಿ ಎಲ್ಲವನ್ನೂ ನುಂಗಿತು. ಕಾದ ಹೆಂಚು ಮುಟ್ಟಿದ ಹಾಗೆ ಮುಟ್ಟಿ ಬಿಡಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೇ ಕಂಡುಕೊಂಡೆ. ಒಂದು ಸಾಲಾಯಿತು. ಎರಡಾಯಿತು. ಮೂರನೆಯ ಸಾಲಿನಲ್ಲಿ ಬೆರಳು ತಾನಾಗಿ ನಡೆಯತೊಡಗಿತ್ತು.

ಸರ್ ಬಾಗಿ ಒಂದು ಕಾಗದ ಮುಂದಿಟ್ಟರು. ಅಚ್ಚಾದ ಅರ್ಜಿ, ಕೆಳಗೆ ನನ್ನ ಹೆಸರು.

"ಸಾಕ್ ಬಿಡ್ರಿ ಮಿಸ್ತ್ರಿಯವ್ರ. ಇಲ್ಲೊಂದು ಸಹಿ ಮಾಡ್ರಿ."

"ಇದು ನಾ ಹೊಡದದ್ದಲ್ರಿ ಸರ್."

"ಗೊತ್ತೈತ್ರಿ. ನಿನ್ನೇನ ತಗದು ಇಟ್ಟಿದ್ದೆ. ನಮಗ ಇಷ್ಟ ಮಾಡೀರಿ, ನಿಮ್ಮನ್ನ ಕೈ ಬಿಡ್ತೇನೇನು?"

"ಮೂರ ಸಾಲ ಆಗೇತ್ರಿ. ಇನ್ನೊಂದೀಟು ಹೊತ್ತು ಕೊಡ್ರಿ."

"ಟೈಮ್ ಇಲ್ರಿ. ಮತ್ತ ನೀವ ಇದನ್ನ ಕಲ್ತು ಏನ ಮಾಡಾವ್ರದೀರಿ? ನಿಮ್ಮ ಕೈಯಾಗ ಬಂಗಾರದಂಥ ವಿದ್ಯಾ ಐತಿ."

ನಿನ್ನೆಯೇ. ಅಂದರೆ ನಾನು ಇಂದು ಏನು ಹೊಡೆಯುತ್ತೇನೆ ಎಂದು ನೋಡುವ ಮನಸ್ಸೂ ಅವರಿಗೆ ಇರಲಿಲ್ಲ. ಚಿಲಕ ಹಾಕಿದ ದಿನವೂ, ಕಪಾಟು ನಿಲ್ಲಿಸಿದ ದಿನವೂ ಅವರ ಲೆಕ್ಕದಲ್ಲಿ ನಾನು ಬಡಗಿಯೇ, ವಿದ್ಯಾರ್ಥಿಯಾದದ್ದು ಕಮಿಟಿಯ ಎದುರು ಮಾತ್ರ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖದಲ್ಲಿ ಉಪಕಾರ ಮಾಡಿದ ಕಳೆ ಇತ್ತು. ಅದನ್ನು ಇವತ್ತಿಗೂ ಮರೆಯಲಾಗಿಲ್ಲ.

ಆಚೆ ತುದಿಯಿಂದ ಪರೀಕ್ಷಕರು ನೋಡುತ್ತಿದ್ದರು, ಹುಡುಗರು ನೋಡುತ್ತಿದ್ದರು. ಸಹಿ ಮಾಡಿದೆ. ಹೊಡೆದದ್ದನ್ನು ಉಳಿಸಿಡುವುದು ಹೇಗೆ ಎಂಬ ಪಾಠದ ದಿನ ನಾನು ಕಪಾಟಿನ ಕೆಲಸದಲ್ಲಿದ್ದೆ. ಕಂಪ್ಯೂಟರ್ ಆರಿಸಿದಾಗ ಮೂರು ಸಾಲೂ ಹೋದವು.

ಫಲಿತಾಂಶ ಬಂದಾಗ ಕಂಪ್ಯೂಟರಿನಲ್ಲಿ ತರಗತಿಗೇ ಹೆಚ್ಚು ಅಂಕ ನನಗೆ. "ಕಾಕಾ, ಪೇಢೆ ತರಸ್ರಿ" ಎಂದು ಹುಡುಗಿ ಓಡಿ ಬಂದಳು. ಅಂದೇ ಸ್ಕ್ರೂಡ್ರೈವರು ಹಿಡಿದು ಆ ಕೋಣೆಗೆ ಹೋದೆ.

"ಯಾಕ್ರಿ, ಸಡ್ಲಾಗೇತೇನು?" ಸರ್ ಕುರ್ಚಿಯಿಂದಲೇ ಕೇಳಿದರು.

"ಇಲ್ರಿ. ಒಯ್ಯಾಕ ಬಂದೇನಿ."

"ಅಯ್ಯ, ಗ್ವಾಡಿ ಬೋಳ ಕಾಣ್ತೈತಲ್ರಿ!"

ನಾಲ್ಕು ಸ್ಕ್ರೂ ಬಿಚ್ಚಿದೆ. ಎಲ್ಲಿ ಏನೇ ಕಿತ್ತರೂ ತೂತು ಮುಚ್ಚದೆ ಬಂದವನಲ್ಲ ನಾನು. ಆ ದಿನ ಮುಚ್ಚಲಿಲ್ಲ.

ಎರಡನೆಯ ವರ್ಷಕ್ಕೆ ಕಂಪ್ಯೂಟರ್ ಪಾಠ ಇಲ್ಲ. ಹುಡುಗಿ ತಾನೇ ಕಲಿಸುತ್ತೇನೆಂದಳು. ಆ ಕೋಣೆಗೆ ಮತ್ತೆ ಹೋಗಲು ನನಗೆ ಮನಸ್ಸಾಗಲಿಲ್ಲ. ಶೆಡ್ಡಿನ ಅರ್ಜಿಗೆ ಕೊನೆಗೆ ಅದೇ ಅಂಗಡಿಗೆ ಹೋದೆ. "ಹೇಳ್ರಿ ಲಗೂನ" ಎಂದ. ಹೇಳಿದೆ. ಅವನು ಒಂದೊಂದೇ ಅಕ್ಷರ ಹುಡುಕುತ್ತ ಹೊಡೆಯುತ್ತಿದ್ದ. ನಾನು ಹೊರಗೆ ನಿಂತು ಕೌಂಟರಿನ ಹಲಗೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಅವನಿಗೆ ಅಕ್ಷರ ಸಿಗುವುದಕ್ಕೆ ಮೊದಲೇ ನನ್ನ ಬೆರಳು ಅದರ ಜಾಗಕ್ಕೆ ಹೋಗಿ, ಮುಟ್ಟಿ, ಬಿಡುತ್ತಿತ್ತು.