ಪಕ್ಕೀರಮ್ಮ ಪ್ಯಾಂಟು ಹಾಕಿಕೊಂಡದ್ದು

ಪಕ್ಕೀರಮ್ಮ ಯುರೋಪಿಗೆ ಹೋಗುತ್ತಾಳಂತೆ ಎಂಬ ಸುದ್ದಿ ಹಬ್ಬಿದ ದಿನದಿಂದ ನಮ್ಮ ಓಣಿಯವರು ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಏನು ನೋಡುತ್ತೀ, ಏನು ಉಣ್ಣುತ್ತೀ ಎಂದಲ್ಲ; ಏನು ಉಡುತ್ತೀ ಎಂದು. ಗಂಡಸೊಬ್ಬ ವಿಮಾನ ಹತ್ತುವಾಗ ಈ ಪ್ರಶ್ನೆ ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ.

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವಳದು. ತವರು ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಬ್ಬಳೇ ಮಗಳು ಜ್ಯೋತಿ ಹೈಸ್ಕೂಲಿನಲ್ಲಿ ನನ್ನ ಶಿಷ್ಯೆ, ಈಗ ಡಿಗ್ರಿ ಓದುತ್ತಿದ್ದಾಳೆ. ಪಕ್ಕೀರಮ್ಮ ಇಪ್ಪತ್ತೆರಡು ವರ್ಷದಿಂದ ಚಂದ್ರಣ್ಣ ಎಂಬವರ ಹೊಲಿಗೆ ಯೂನಿಟ್ಟಿನಲ್ಲಿ ಗಂಡಸರ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾಳೆ. ಜೇಬು ಮಾತ್ರ. ನಮ್ಮೂರಿನಲ್ಲಿ ಜೀನ್ಸ್ ಆಗುವುದೇ ಹಾಗೆ. ಒಬ್ಬರು ಕತ್ತರಿಸಿದರೆ ಇನ್ನೊಬ್ಬರು ಜಿಪ್ಪು ಕೂಡಿಸುತ್ತಾರೆ, ಮತ್ತೊಬ್ಬರು ಸೊಂಟದ ಪಟ್ಟಿ, ಮಗದೊಬ್ಬರು ಗುಂಡಿ ತೂರಿಸುವ ಕಾಜಾ. ಒಂದು ಪ್ಯಾಂಟನ್ನು ಶುರುವಿನಿಂದ ಕಡೆತನಕ ಹೊಲಿದವರು ಆ ಯೂನಿಟ್ಟಿನಲ್ಲಿ ಒಬ್ಬರೂ ಇಲ್ಲ. ಜೇಬಿನ ಕೆಲಸದಲ್ಲಂತೂ ಪಕ್ಕೀರಮ್ಮನನ್ನು ಸರಿಗಟ್ಟುವವರಿಲ್ಲ.

ಜೂನ್ ಮೊದಲ ವಾರ ಪ್ರಾಗ್ ಎಂಬ ಊರಿನಲ್ಲಿ ಬಟ್ಟೆ ಮೇಳವಿತ್ತು. ಚಂದ್ರಣ್ಣನವರು ಅಲ್ಲೊಂದು ಮಳಿಗೆ ಹಿಡಿದಿದ್ದರು. ಬಂದವರ ಕಣ್ಣೆದುರೇ ಮಿಷನ್ನಿನಲ್ಲಿ ಹೊಲಿದು ತೋರಿಸಲು ಒಬ್ಬ ಹೆಣ್ಣುಮಗಳು ಬೇಕೆಂದು ಇವಳನ್ನು ಆರಿಸಿದ್ದರು. ಪಾಸ್‌ಪೋರ್ಟು, ವೀಸಾ ಎಲ್ಲ ಕೈಗೆ ಬಂದ ಮೇಲೆ ಕರೆದು ಹೇಳಿದರು.

“ರೇಷ್ಮಿ ಸೀರಿ ಉಟ್ಕೊ. ಜರಿ ದೊಡ್ಡದಿರ್ಲಿ. ತಲಿತುಂಬ ಹೂವ ಮುಡ್ಕೊ. ಫೋಟೋದಾಗ ಚಂದ ಕಾಣ್ತೈತಿ.”

“ಸಾವ್ಕಾರ್ರ, ನಾವು ಮಾರಾಕ ಹೊಂಟಿದ್ದು ಸೀರಿ ಅಲ್ಲಲ್ರಿ, ಪ್ಯಾಂಟು.”

“ಹೌದು, ಅದಕ್ಕೇನೀಗ?”

“ಅದಕ್ಕ ನಾನು ಪ್ಯಾಂಟು ಹಾಕ್ಕೊಂಡು ಬರ್ತೀನಿ.”

ಚಂದ್ರಣ್ಣನವರು ನಕ್ಕರು. ಅವರ ನಗು ಮುಗಿದರೂ ಇವಳು ನಿಂತ ಜಾಗ ಬಿಡಲಿಲ್ಲ.

ನನಗೂ ಮೊದಲು ಇದು ಬರೀ ಹಟ ಅನ್ನಿಸಿತು. ಯಾಕವ್ವಾ, ರೇಷ್ಮೆ ಸೀರೆಗೇನಾಗಿದೆ ಎಂದು ಕೇಳಿಯೂ ಬಿಟ್ಟೆ. ಅವಳು ನನ್ನನ್ನು ನೆಟ್ಟಗೆ ನೋಡಿದಳು.

“ಟೀಚರ್ರ, ಗಂಡ ಹೋದ ದಿನ ಎಲ್ಲಾರೂ ಕೂಡಿ ನನ್ನ ತಲ್ಯಾಗಿನ ಹೂವ ತೆಗಿಸಿದ್ರು. ಈಗ ಫೋಟೋಕ್ಕ ಬೇಕು, ಮುಡ್ಕೊ ಅಂತಾರ. ನನ್ನ ಮೈಮ್ಯಾಲ ಏನಿರಬೇಕಂತ ಒಂದ್ಸಲನರ ನನ್ನ ಕೇಳ್ಯಾರೇನ್ರಿ?”

ಸಿಟ್ಟು ಬಂತು, ನನ್ನ ಮೇಲೂ ಬಂತು. ಅವತ್ತಿನಿಂದ ನಾನು ಅವಳ ಪಕ್ಷ.

ಇನ್ನು ಹವಾಮಾನದ ಕಥೆ. ನಮ್ಮವರಿಗೆ ಬೇಸಿಗೆ ಎಂದರೆ ಬಳ್ಳಾರಿಯ ಬೇಸಿಗೆ. ಜಗತ್ತಿನಲ್ಲಿ ಬೇರೆ ಥರದ ಬೇಸಿಗೆಯೂ ಇದ್ದೀತೆಂದು ಹೇಳಿದರೆ ನಂಬುವವರಲ್ಲ. ಯುರೋಪಿನಲ್ಲಿ ಈಗ ಬೇಸಿಗೆ ಶುರು ಎಂದು ಕೇಳಿದ್ದೇ ತಡ, ಚಂದ್ರಣ್ಣನವರು ಗಾಳಿಯಾಡುವ ಹಾಗೆ ಆರು ತೆಳ್ಳನೆಯ ಅಂಗಿ ಹೊಲಿಸಿಕೊಂಡರು. ಓಣಿಯ ಹೆಂಗಸರು ಪಕ್ಕೀರಮ್ಮನಿಗೆ ಬೆವರುಸಾಲೆಯ ಪೌಡರು ತಂದುಕೊಟ್ಟರು. ಜ್ಯೋತಿ ಮಾತ್ರ ಮೊಬೈಲು ತೆಗೆದು ಓದಿದಳು.

“ಯಮ್ಮಾ, ಅಲ್ಲಿ ಮುಂಜಾನಿ ಹನ್ನೊಂದು ಡಿಗ್ರಿ ಐತಿ. ಮಧ್ಯಾಹ್ನ ಇಪ್ಪತ್ತು. ಯಾವಾಗ ಬೇಕಾದ್ರೂ ಮಳಿ ಬರ್ತೈತಿ. ಒಂದರ ಮ್ಯಾಲೊಂದು ಹಾಕ್ಕೊಬೇಕು, ಬಿಸಲು ಬಂದಂಗ ಒಂದೊಂದಾ ತೆಗೀಬೇಕು.”

ಒಳಗೆ ಹತ್ತಿಯ ಬನಿಯನ್ನು, ಮೇಲೆ ಉದ್ದ ತೋಳಿನ ಕುರ್ತಾ, ಅದರ ಮೇಲೆ ತೆಳು ಸ್ವೆಟರು, ಎಲ್ಲಕ್ಕಿಂತ ಮೇಲೆ ನೀರು ಇಳಿಯದ ಜಾಕೆಟ್ಟು ಎಂದು ಪಟ್ಟಿಯಾಯಿತು. ಅಲ್ಲಿನ ಬೀದಿಗಳೆಲ್ಲ ಉಬ್ಬುಕಲ್ಲಿನ ಹಾಸಂತೆ, ಚಪ್ಪಲಿ ನಡೆಯುವುದಿಲ್ಲ, ಬೂಟೇ ಬೇಕು. ಅದೂ ಹೊಸ ಬೂಟಾದರೆ ಕಾಲು ಕಚ್ಚುತ್ತದೆ, ಮೊದಲೇ ನಡೆದು ಪಳಗಿಸಬೇಕು. ಹೀಗಾಗಿ ನಲವತ್ತೆರಡು ಡಿಗ್ರಿಯ ಮೇ ತಿಂಗಳಲ್ಲಿ ಪಕ್ಕೀರಮ್ಮ ಸೀರೆಯ ಕೆಳಗೆ ಕಾಲುಚೀಲ, ಬೂಟು ಹಾಕಿಕೊಂಡು ದಿನಾ ಸಂಜೆ ಕೌಲ್‌ಬಜಾರು ಸುತ್ತಿದಳು. ನಕ್ಕವರು ನಕ್ಕರು. ಅವಳು ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿದಳು.

ಪ್ಯಾಂಟಿನದೇ ದೊಡ್ಡ ರಗಳೆ. ಯೂನಿಟ್ಟಿನಲ್ಲಿದ್ದ ಅಳತೆಗಳೆಲ್ಲ ಗಂಡಸರವು. ನಲವತ್ತಾರು ವರ್ಷದ ಹೆಂಗಸಿನ ಸೊಂಟಕ್ಕೆ ಅವು ಹೇಗೆ ಕೂಡಿಬರಬೇಕು? ಮೊದಲು ಹೊಲಿದದ್ದು ನಿಂತರೆ ಚೆನ್ನಾಗಿತ್ತು, ಮಿಷನ್ನಿನ ಮುಂದೆ ಕೂತರೆ ಹಿಂದಿನಿಂದ ಕೆಳಗೆ ಜಾರುತ್ತಿತ್ತು. ಸೊಂಟದ ಪಟ್ಟಿ ಹೊಲಿಯುವ ಪಂಪಾವತಿ ಅದನ್ನು ಬಿಚ್ಚಿ, ಹಿಂಬದಿಗೆ ಎರಡು ಬೆರಳು ಬಟ್ಟೆ ಎತ್ತರಿಸಿ ಕೂಡಿಸಿದಳು. ಊಟದ ಬಿಡುವಿನಲ್ಲಿ ಒಬ್ಬೊಬ್ಬ ಹೆಂಗಸೂ ತನಗೆ ಬರುವ ಕೆಲಸವನ್ನು ಮಾಡಿಕೊಟ್ಟಳು. ಮೂರನೆಯ ಸಲಕ್ಕೆ ಸರಿಯಾಯಿತು. ಪಕ್ಕೀರಮ್ಮ ಅದನ್ನು ತೊಟ್ಟು ಎರಡೂ ಕೈ ಜೇಬಿನೊಳಗೆ ಇಳಿಬಿಟ್ಟು ಸುಮ್ಮನೆ ನಿಂತುಬಿಟ್ಟಳಂತೆ. ಲಕ್ಷಾಂತರ ಜೇಬು ಹೊಲಿದವಳು ತನ್ನ ಕೈ ಒಳಗಿಟ್ಟದ್ದು ಅದೇ ಮೊದಲು.

ಸುದ್ದಿ ತೆಕ್ಕಲಕೋಟೆಗೂ ಮುಟ್ಟಿತು. ಅಣ್ಣ ಓಬಳೇಶ ಬೈಕು ಹತ್ತಿ ಬಂದ. ತಂಗಿಯ ಗಂಡ ಸತ್ತ ಮೇಲೆ ಅವಳ ಬದುಕಿನ ಉಸ್ತುವಾರಿ ತನ್ನದೇ ಎಂದು ತಿಳಿದವನು. ಕೂರು ಎಂದರೂ ಕೂರಲಿಲ್ಲ.

“ಪಕ್ಕೀರಿ, ಅಲ್ಲಿ ನಿನ್ನ ಗುರ್ತಿನವ್ರು ಯಾರದಾರ, ಏನರ ಹಾಕ್ಕ. ನಮ್ಮ ಓಣ್ಯಾಗ ಮಾತ್ರ ಪ್ಯಾಂಟು ಹಾಕ್ಕೊಂಡು ಕಾಲಿಟ್ಟಿ ಅಂದ್ರ, ತವರಮನಿ ಬಾಗ್ಲ ಮುಚ್ಚಿತು ಅಂತ ತಿಳ್ಕ.”

ಆ ಬಾಗಿಲ ಹಿಂದೆ ಎಂಬತ್ತು ದಾಟಿದ ತಾಯಿ ಹುಲುಗಮ್ಮ ಇದ್ದಾಳೆ. ಪಕ್ಕೀರಮ್ಮ ಹದಿನೈದು ದಿನಕ್ಕೊಮ್ಮೆ ಹೋಗಿ ತಾಯಿಯ ಮುಖ ನೋಡದೆ ಇದ್ದವಳಲ್ಲ. ಓಬಳೇಶನಿಗೂ ಅದು ಗೊತ್ತು, ಗೊತ್ತಿದ್ದೇ ಹೇಳಿದ. ಅವಳು ಅವನಿಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ.

ಪ್ರಾಗಿನಲ್ಲಿ ಮೊದಲ ಮುಂಜಾನೆ ಜಿಟಿಜಿಟಿ ಮಳೆ. ತೆಳ್ಳನೆಯ ಅಂಗಿಯಲ್ಲಿ ಚಂದ್ರಣ್ಣನವರ ಹಲ್ಲು ಕಟಕಟ ಅನ್ನುತ್ತಿತ್ತು. ಅಷ್ಟರಲ್ಲೂ ತಮ್ಮ ಸೂಟ್‌ಕೇಸಿನಿಂದ ಹೆಂಡತಿಯ ರೇಷ್ಮೆ ಸೀರೆ ತೆಗೆದು ಮುಂದೆ ಹಿಡಿದರಂತೆ, “ಒಂದಾ ತಾಸು ಉಡು, ಫೋಟೋ ಆದ ಮ್ಯಾಲ ಬಿಚ್ಚು.”

“ನೀವಾ ಹೊದ್ಕೊಳ್ರಿ ಸಾವ್ಕಾರ್ರ, ನಡುಗಾಕ ಹತ್ತೀರಿ” ಎಂದಳಂತೆ ಇವಳು.

ಅವರು ಹೊದ್ದರೋ ಬಿಟ್ಟರೋ ಪಕ್ಕೀರಮ್ಮ ನನಗೆ ಹೇಳಲಿಲ್ಲ. ಇವಳು ಜಾಕೆಟ್ಟಿನ ಜಿಪ್ಪು ಏರಿಸಿ, ಬೂಟು ಬಿಗಿದು, ಆ ಕಲ್ಲುಬೀದಿಯಲ್ಲಿ ನಡೆದೇ ಮೇಳಕ್ಕೆ ಹೋದಳು. ನಾಲ್ಕು ದಿನ ಪ್ಯಾಂಟಿನಲ್ಲೇ ಕೂತು ಹೊಲಿದಳು. ಕೊಳ್ಳಲು ಬಂದವರು ಮಿಷನ್ನಿನಿಂದ ಇಳಿದ ಜೇಬನ್ನು ಒಳಗು ಹೊರಗು ಮಾಡಿ ನೋಡಿದರೇ ಹೊರತು ಅವಳು ಉಟ್ಟದ್ದರ ಬಗ್ಗೆ ಯಾರೂ ಕೇಳಲಿಲ್ಲ.

“ಜಗಳಕ್ಕ ತಯಾರಾಗಿ ಹೋಗಿದ್ದೆ ಟೀಚರ್ರ. ಒಬ್ರೂ ತಿರುಗಿ ನೋಡ್ಲಿಲ್ಲ. ನಂಗ ಬ್ಯಾಸರ ಆತು” ಎಂದು ಊರಿಗೆ ಬಂದವಳೇ ನಕ್ಕಳು.

ನಗುವ ಹಗುರತನ ಅಲ್ಲಿಗೇ ಮುಗಿಯಿತು. ಮಾರನೆಯ ದಿನ ತಾಯಿಯನ್ನು ನೋಡಲು ಹೊರಟಳು, ಅದೇ ಪ್ಯಾಂಟಿನಲ್ಲಿ. ನಾನೂ ಜೊತೆಗೆ ಹೋದೆ. ಅವಳಿಗೆ ಧೈರ್ಯ ಕೊಡಲು ಎಂದು ಹೇಳಿದೆ, ಹೆದರಿದವಳು ನಾನೇ. ಬಸ್ಸಿನಲ್ಲಿ ನಮ್ಮ ಎದುರಿನ ಹೆಂಗಸು ತೆಕ್ಕಲಕೋಟೆ ಬರುವ ತನಕ ಅವಳ ಕಾಲನ್ನೇ ನೋಡಿದಳು. ಇಳಿಯುವ ಮುನ್ನ ನಾನು ಮೆಲ್ಲಗೆ, ಚೀಲದಲ್ಲಿ ಸೀರೆ ಇದೆಯೇನೇ ಎಂದೆ. ಇಲ್ಲ ಎಂದಳು. ಇಳಿದವಳೇ ಎರಡೂ ಕೈ ಜೇಬಿಗಿಳಿಸಿ ನನಗಿಂತ ಮುಂದೆ ನಡೆದಳು.

ಓಣಿಯ ಕಟ್ಟೆಯ ಮೇಲೆ ಐದಾರು ಗಂಡಸರು ಕೂತಿದ್ದರು. ಓಬಳೇಶ ಎದ್ದು ಹೋಗಿ ಮನೆಯ ಬಾಗಿಲಿಗೆ ಅಡ್ಡ ನಿಂತ.

“ನಾ ಏನ್ ಹೇಳಿದ್ದೆ?”

“ಹೇಳಿದ್ದಿ, ನೆನಪೈತಿ. ಅಣ್ಣಾ, ಒಂಚೂರು ಆ ಕಡಿ ತಿರುಗು.”

ಹಿಂದೆ ಏನೋ ಮೆತ್ತಿಕೊಂಡಿರಬೇಕೆಂದು ಅವನು ತಿರುಗಿಯೇ ಬಿಟ್ಟ. ಪಕ್ಕೀರಮ್ಮ ಅವನ ಜೀನ್ಸಿನ ಹಿಂದಿನ ಜೇಬಿನ ಮೇಲೆ ಬೆರಳಿಟ್ಟಳು.

“ಈ ಹೊಲಿಗಿ ನಂದು. ಹೋದ ಉಗಾದಿಗೆ ನಾನಾ ತಂದು ಕೊಟ್ಟಿದ್ದು. ಅದಕ್ಕಿಂತ ಮೊದ್ಲಿಂದೂ ನಂದಾ. ಇಪ್ಪತ್ತೆರಡು ವರ್ಷ ನನ್ನ ಕೈಕೆಲಸ ಹಾಕ್ಕೊಂಡು ಈ ಓಣ್ಯಾಗ ಅಡ್ಡಾಡಿದಿ, ಮಾನ ಹೋಗ್ಲಿಲ್ಲ. ಈಗ ಬಿಚ್ಚಬೇಕಂದ್ರ ಇಬ್ರೂ ಬಿಚ್ಚೋಣು. ನೀ ದೊಡ್ಡಾವ, ಮೊದ್ಲು ನೀ ಬಿಚ್ಚು.”

ಕಟ್ಟೆಯ ಮೇಲೆ ಯಾರೋ ನಗಲು ಹೋಗಿ, ತನ್ನ ಪ್ಯಾಂಟಿನ ಕಡೆ ನೋಡಿಕೊಂಡು ಸುಮ್ಮನಾದ. ಪಕ್ಕೀರಮ್ಮ ಕಾಯುತ್ತ ನಿಂತಳು, ಬೇಡಿಕೊಳ್ಳಲಿಲ್ಲ. ಆಮೇಲೆ ಓಬಳೇಶನೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವಳು ಬೂಟು ಹೊರಗೆ ಬಿಟ್ಟು ಒಳಗೆ ಹೋದಳು.