ಬೈದವರ ಹೆಸರು

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಫಿಜಿಶಿಯನ್ ಅಸಿಸ್ಟೆಂಟ್. ಡಾಕ್ಟರ ಕೈಕೆಳಗೆ ರೋಗಿಯನ್ನು ಪರೀಕ್ಷಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಆಪರೇಷನ್ ಆದವರ ಮೇಲೆ ಕಣ್ಣಿಡುವುದು ನನ್ನ ಕೆಲಸ. ಗೋವಾದ ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಪ್ಪ ಇದನ್ನು ಗಿರಾಕಿಗಳಿಗೆ ವಿವರಿಸಿ ಸಾಕಾಗಿ, ಈಗ "ದವಾಖಾನ್ಯಾಗ ಅದಾಳ್ರಿ" ಎಂದು ಮುಗಿಸಿಬಿಡುತ್ತಾರೆ.

ಅಲ್ಲಿನ ಚಿಕ್ಕ ಆಸ್ಪತ್ರೆ ಬಿಟ್ಟು ಪಣಜಿ ಕಡೆಯ ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದೆ. ಆಯ್ಕೆಯೂ ಆಯಿತು. ಆದರೆ ರೋಗಿಯನ್ನು ಮುಟ್ಟುವ ಮೊದಲು ನನ್ನ ಬಗ್ಗೆ ಹೇಳಬಲ್ಲ ಒಬ್ಬ ಡಾಕ್ಟರ ಹೆಸರು ಕೊಡಬೇಕು. ಆಸ್ಪತ್ರೆಯವರು ಅವರೊಡನೆ ಫೋನಿನಲ್ಲಿ ಮಾತಾಡಿ ಒಪ್ಪಿದರೆ ಮಾತ್ರ ಕೆಲಸ. ಅಪ್ಪ ಇದನ್ನು ಗಂಡಿನ ಕಡೆಯವರ ವಿಚಾರಣೆ ಎಂದೇ ತಿಳಿದರು. ಅಂಥ ವೇಳೆ ನಮ್ಮಲ್ಲಿ ಹಿರಿಯರೊಬ್ಬರನ್ನು ಮುಂದೆ ಮಾಡುತ್ತಾರೆ. ಬೆಳಗಾವಿಯಲ್ಲಿ ನಾನು ಹುಟ್ಟುವಾಗ ಹೆರಿಗೆ ಮಾಡಿಸಿದ್ದ ಹಳೆಯ ಡಾಕ್ಟರ ಹೆಸರು ಕೊಡಿಸಿದರು. ನಾನೂ ತಕರಾರು ಮಾಡಲಿಲ್ಲ, ಯಾಕೆಂದರೆ ಇನ್ನೊಂದು ಹೆಸರು ಕೊಡಲು ನನಗೆ ಹೆದರಿಕೆಯಿತ್ತು.

ಆ ಹಿರಿಯ ಡಾಕ್ಟರು ಆಸ್ಪತ್ರೆಯವರ ಫೋನ್ ಮುಗಿಸಿದ್ದೇ ಅಪ್ಪನಿಗೆ ಖುಷಿಯಿಂದ ವರದಿ ಒಪ್ಪಿಸಿದರು. "ಆಕಿ ಕೆಲಸ ನೋಡೀರೇನು ಅಂತ ಕೇಳಿದ್ರು. ಹುಟ್ಟಿದ ದಿನಾನ ಆಕೀನ್ನ ನೋಡೀನಿ, ಭಾಳ ಚಲೋ ಮನಿತನ ಅಂತ ಹೇಳೀನಿ."

ಮರುದಿನ ಆಸ್ಪತ್ರೆಯಿಂದ ಕರೆ ಬಂತು. ಕೆಲಸವನ್ನು ಕಣ್ಣಾರೆ ಕಂಡವರ ಹೆಸರು ಕೊಡಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ಹಾಗೆ ಕಂಡವರು ಒಬ್ಬರೇ, ಫೋಂಡಾದ ನಮ್ಮ ಸರ್ಜನ್. ಒಂದು ಸಂಜೆ, ಆಪರೇಷನ್ ಆಗಿದ್ದ ಅಜ್ಜಿಯೊಬ್ಬಳ ಹೊಟ್ಟೆ ಯಾಕೋ ಬಿಗಿಯಾಗಿದೆ ಅನ್ನಿಸಿ, ಮನೆಗೆ ಹೊರಟಿದ್ದ ಅವರಿಗೆ ಫೋನ್ ಮಾಡಿದ್ದೆ. ಅರ್ಧ ದಾರಿಯ ಬಾಣಸ್ತಾರಿ ಸೇತುವೆಯಿಂದ ಕಾರು ತಿರುಗಿಸಿಕೊಂಡು ಬಂದರು. ಅಜ್ಜಿಗೆ ಏನೂ ಆಗಿರಲಿಲ್ಲ. ಇಡೀ ವಾರ್ಡಿನ ಎದುರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಕೆಲಸ ಬಿಡುವವರೆಗೂ ಮತ್ತೆ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಬೇರೆ ದಾರಿಯಿಲ್ಲದೆ ಅವರನ್ನೇ ಕೇಳಿದೆ. ಹೆಸರು ಕೊಡು, ಆದರೆ ಇದ್ದದ್ದನ್ನೇ ಹೇಳುತ್ತೇನೆ ಎಂದು ಹಿಂದಿಯಲ್ಲಿ ಗದರಿ ಫೋನಿಟ್ಟರು. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ.

ಕೊನೆಗೆ ಹೊಸ ಆಸ್ಪತ್ರೆಯವರು ಸೇರಿಕೊಳ್ಳಲು ಹೇಳಿದರು. ಮೊದಲ ದಿನ ಅಲ್ಲಿನ ಹಿರಿಯ ಡಾಕ್ಟರಮ್ಮ, ಧಾರವಾಡ ಕಡೆಯವರು, ವಾರ್ಡ್ ತೋರಿಸುತ್ತ ಹೇಳಿದರು: "ಅನುಮಾನ ಬಂದ್ರ ಇಲ್ಲೂ ಫೋನ್ ಮಾಡ್ರಿ. ಸುಮ್ನ ಹೊಳ್ಳಿ ಬರೂಹಂಗ ಆತು ಅಂತ ನಾವೂ ಬೈತೀವಿ. ಆದ್ರೂ ಮಾಡ್ರಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಸರ್ ಅದನ್ನೂ ಹೇಳಿದ್ರೇನ್ರಿ?"

"ಹೇಳಿದ್ದ ಅದೊಂದ ನೋಡ್ರಿ. ಆವತ್ತಿನಿಂದ ಆಕಿ ವಾರ್ಡಿನ್ಯಾಗ ಅದಾಳಂದ್ರ ಮನ್ಯಾಗ ನೆಮ್ಮದೀಲೆ ನಿದ್ದಿ ಮಾಡತಿದ್ದೆ ಅಂದ್ರು."

ಕಣ್ಣು ತುಂಬಿ ಬಂತು. ಕೈ ತೊಳೆಯುವ ನೆಪದಲ್ಲಿ ಬೇಸಿನ್ ಕಡೆ ತಿರುಗಿದೆ.

ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಸೀರೆ ಮಡಚುತ್ತಲೇ ಕೇಳಿಸಿಕೊಂಡರು.

"ಅಂದ್ರ ಬೈದಾವರ ಹೆಸರ ನಡೀತತಿ ಅನ್ನು."

"ಹೌದಪ್ಪಾ."

"ಮತ್ತ ನಂದ ಕೊಡಬೇಕಿತ್ತಲ್ಲ."